ಎಲ್ಲರಿಗಿಂತ ಮೊದಲು ಹತ್ತಿದ್ದು

ಭಾನುವಾರ, ಜನವರಿ ೧೮
ಉಳ್ಳೂರು, ತಿರುವನಂತಪುರ

ಸೊಂಟನೋವು ಈಗ ಪರವಾಗಿಲ್ಲ. ಆ ಬಸ್ಸು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ತಂಗಿಯ ಮಗುವಿನ ನಾಮಕರಣ ಮುಗಿಸಿ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾನೂ ಗುರುಕಿರಣ್ ಅವರೂ ಕುಳಿತಿದ್ದೆವು. ನಾನು ತಿರುವನಂತಪುರಕ್ಕೆ, ಅವರು ಕೊಚ್ಚಿಗೆ. ನನ್ನ ಬ್ಯಾಂಕು ಇಲ್ಲಿ, ಅವರ ರಿಫೈನರಿ ಕೊಚ್ಚಿ ಹತ್ತಿರದ ಅಂಬಲಮುಗಳ್‌ನಲ್ಲಿ. ಮದುವೆಯಾದಾಗಿನಿಂದ ನಮ್ಮ ಸಂಸಾರ ಹೆಚ್ಚಾಗಿ ಫೋನಿನಲ್ಲೇ. ಸೊಂಟನೋವಿನಲ್ಲಿ ನಾನು ಸಾಲಿನಲ್ಲಿ ನಿಲ್ಲಬಾರದೆಂದು, ನನಗೆ ತಿಳಿಸದೆಯೇ ಹೆಚ್ಚು ದುಡ್ಡು ಕೊಟ್ಟು, ಎಲ್ಲರಿಗಿಂತ ಮೊದಲು ಹತ್ತಿಸುವ ಪ್ರಯಾರಿಟಿ ಬೋರ್ಡಿಂಗ್ ಕೊಂಡಿದ್ದರು.

ಟೀ ಕುಡಿಯುತ್ತಾ ಮೆಲ್ಲಗೆ ಶುರು ಮಾಡಿದರು: "ಕೊಚ್ಚೀಲಿ ಒಂದು ಮನೆ ನೋಡಿದೀನಿ. ನೀನು ಟ್ರಾನ್ಸ್‌ಫರ್ ಕೇಳೋದಾದ್ರೆ..."

ಆಗಲೇ ಗೇಟಿನಲ್ಲಿ ಪ್ರಯಾರಿಟಿಯವರನ್ನು ಕರೆದರು.

"ಇರ್ಲಿ ಬಿಡಿ, ಕೊನೇಲಿ ಹೋಗ್ತೀನಿ," ಎಂದೆ.

"ಏಯ್, ದುಡ್ಡು ಕೊಟ್ಟಿದೀವಲ್ಲ, ಹೋಗು ಹೋಗು!" ಎಂದು ಬ್ಯಾಗನ್ನು ಕೈಗಿತ್ತರು. ನಾನೂ ಪೆದ್ದಿಯ ಹಾಗೆ ಎದ್ದು ಹೋದೆ.

ವಿಮಾನದ ತನಕ ಒಯ್ಯುವ ಬಸ್ಸಿಗೆ ನಾನೇ ಮೊದಲು ಹತ್ತಿ ಒಳಗಿನ ಮೂಲೆ ಸೇರಿದೆ. ತುಂಬುವವರೆಗೆ ಅದು ಹೊರಡಲಿಲ್ಲ. ಕೊನೆಗೆ ಬಂದವರು ಬಾಗಿಲಲ್ಲೇ ನಿಂತು, ನನಗಿಂತ ಮೊದಲು ಇಳಿದು ವಿಮಾನ ಹತ್ತಿದರು. ನಗು ಬರಬೇಕಿತ್ತು, ಬರಲಿಲ್ಲ. ಅಷ್ಟು ಹೊತ್ತು ಗುರುಕಿರಣ್ ಅಲ್ಲೇ ಮೇಲೆ ಗೇಟಿನ ಬಳಿ ಒಬ್ಬರೇ ಕುಳಿತಿದ್ದರಲ್ಲ.

ಮನೆಗೆ ಬಂದು ಫೋನ್ ಮಾಡಿದೆ. "ಆ ಮನೆ ವಿಷಯ ಏನೋ ಹೇಳ್ತಿದ್ರಲ್ಲ?"

"ಫೋನಲ್ಲಿ ಬೇಡ, ಎದುರಿಗೇ ಹೇಳ್ಬೇಕು." ಆಮೇಲೆ ತಾವೇ ಕೇಳಿದರು: "ಎಲ್ಲರಿಗಿಂತ ಕೊನೇಲಿ ಹತ್ತೋಕೆ ಎಷ್ಟು ತಗೋತಾರಂತೆ?"