ದೀಪ ಆರಿಸಬೇಡ್ರಿ

ಗ್ಯಾರೇಜಿನ ಸಣ್ಣಪ್ಪಣ್ಣನವರಿಗೆ ಯಲಬುರ್ಗಾದ ರಂಜಿತಾಳ ನಮಸ್ಕಾರ.

ಕಾರು ತಂದಿರುವ ನಮ್ಮ ಮನೆಯವರು “ದೀಪ ಆರಿಸಿಕೊಡ್ರಿ, ಸಾಕು” ಅಂತಾರ, ಕೇಳಬೇಡ್ರಿ. ಹೋದ ಸಲ ನೀವು ಸ್ಕ್ಯಾನರ್ ಹಚ್ಚಿ ಇಂಜಿನ್ ದೀಪ ಆರಿಸಿದಿರಿ. ನಮ್ಮತ್ತಿ ಹುಲಿಗೆಮ್ಮನ ಕೃಪೆ ಅಂತ ಕಾಯಿ ಒಡೆಸಿದರು. ಆಮೇಲೆ ಮಗಳಿಗೆ ಜ್ವರ ಏರಿ ಫಿಟ್ಸ್ ಬಂದು ಕೊಪ್ಪಳದ ದವಾಖಾನೆಗೆ ಹೊರಟರೆ, ಕುಕನೂರು ದಾಟಿದ ಮೇಲೆ ಕಾರು ಜಗ್ಗಿ ಜಗ್ಗಿ ನಿಂತಿತು. ಕೂಸು ಈಗ ಹುಷಾರದ. ಫಿಟ್ಸ್ ಮತ್ತೆ ಬಂದೀತೇನೋ ಅಂತ ನನಗೇ ನಿದ್ದಿಲ್ಲ.

ಮೂರನೇ ಸಿಲಿಂಡರ್ ಮಿಸ್, ಸರಿಯಾಗಿ ಹೊತ್ತಿಕೊಳ್ತಿಲ್ಲ ಅಂತ ಸ್ಕ್ಯಾನರಿನಲ್ಲಿ ಬಂದಿತ್ತಲ್ಲ, ಅದರ ಕಿಡಿ ಕೊಡೋ ಕಾಯಿಲ್ ಒಂದನೇದಕ್ಕೆ, ಒಂದನೇದರದ್ದು ಇದಕ್ಕೆ ಹಾಕಿ, ಓಡಿಸಿ, ಮತ್ತೆ ನೋಡ್ರಿ. ಮಿಸ್ಸೂ ಒಂದನೇದಕ್ಕೆ ಬಂದರೆ ಕಾಯಿಲ್ ಬದಲಿಸ್ರಿ. ಬರದಿದ್ದರೆ ಬೇರೆ ಕಾರಣ ಹುಡುಕ್ರಿ.

ರಿಪೇರಿ ಆಗದಿದ್ದರೆ ದೀಪ ಉರಿಯಲಿ. ದವಾಖಾನೆಗೆ ಬೇಕಾದರೆ ಅಂತ ಪಕ್ಕದ ಮನೆಯವರ ಟಂಟಂ ಆಟೋ ಹೇಳಿಟ್ಟಿರುತ್ತೇನೆ. ಆರಿದ್ದರೆ, ನಿಮ್ಮನ್ನು ನಂಬಿ ಕೂಸಿನ ಕೂಡ ಕಾರು ಹತ್ತುತ್ತೇನೆ.

ನಿಮ್ಮ ತಂಗಿಯಂಥವಳು,
ರಂಜಿತಾ