ಎರಡು ಕಣ್ಣಿನ ಕ್ಯಾಮೆರಾ

ತಮ್ಮಾ,

ಬರೆಯುವುದೆಂದರೆ ನನಗಾಗದು, ಗೊತ್ತಲ್ಲ. "ನನ್ನ ತಲೆ ತಿನ್ಬೇಡಿ, ತಮ್ಮನಿಗೇ ಬರೀರಿ" ಎಂದು ನಿನ್ನ ಅತ್ತಿಗೆ ಪೆನ್ನು ಕೈಗಿಟ್ಟಳು. ನೀನು ಎಲ್ಲಿದ್ದೀಯೆಂದು ಅವಳಿಗೂ ತಿಳಿಯದು.

ಇವತ್ತು ಪಕ್ಕದ ಮನೆಯ ಪುಟ್ಟಿಗೆ ನಾವಿಬ್ಬರೂ ಮಾರಲು ಮಾಡುತ್ತಿದ್ದ ಮರದ ಆಟದ ಕ್ಯಾಮೆರಾ ಒಂದನ್ನು ಕೊಟ್ಟೆ. ಅದರ ಒಂದೇ ತೂತನ್ನು ಮೂಗಿಗೆ ಒತ್ತಿಕೊಂಡು, "ತಾತಾ, ನೀ ಕಾಣ್ತಿಲ್ಲ!" ಎಂದಿತು.

"ಒಂದು ಕಣ್ಣು ಮುಚ್ಚೇ ಕತ್ತೆ" ಎಂದೆ. ಎರಡನ್ನೂ ಮುಚ್ಚಿತು.

ಅಷ್ಟು ಸಣ್ಣ ಮಕ್ಕಳಿಗೆ ಅದು ಬರುವುದಿಲ್ಲ, ಎರಡು ತೂತು ಬೇಕು ಎಂದು ನೀನು ಬಡಕೊಂಡಿದ್ದೆ. "ಹೇಳಿದ್ದು ಮಾಡು, ಇಲ್ಲಾಂದ್ರೆ ನಡಿ" ಎಂದಿದ್ದೆ ನಾನು. ನೀನೋ, ನಡೆದೇಬಿಟ್ಟೆ.

ಎರಡನೇ ತೂತು ಕೊರೆದಿದ್ದೇನೆ. ಎರಡೂ ಕಣ್ಣಿಟ್ಟು ನೋಡಿದರೆ ಎದುರಿಗೆ ನೀನು ಕೆಲಸ ಮಾಡುತ್ತಿದ್ದ ಮೇಜು. ಅದರ ಮೇಲೆ ಏನನ್ನೂ ಇಡಲು ಯಾರಿಗೂ ಬಿಟ್ಟಿಲ್ಲ. ಬರುತ್ತೀಯೋ ಇಲ್ಲವೋ, ಹದಿನೈದನೇ ತಾರೀಖಿನೊಳಗೆ ತಿಳಿಸು.