ಎಡಗಾಲಿನ ರಾಶಿ, ಬಲಗಾಲಿನ ರಾಶಿ

ಮುಂಡರಗಿ,
ಫೆಬ್ರವರಿ ಮೂವತ್ತು, 2191

ಪ್ರೀತಿಯ ಬಸಲಿಂಗಮ್ಮ ಟೀಚರ್,

ತಾರೀಕು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಸಾಲದ್ದಕ್ಕೆ ಮದುವೆಯಾಗಿ ಹನ್ನೊಂದೇ ದಿನ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ನನ್ನ ಗಂಡ ಮಾರ್ತಂಡ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿದು ಕೊಡುತ್ತಿದ್ದಾರೆ. ಎಂಥ ಒಳ್ಳೆಯ ಮನುಷ್ಯ ಗೊತ್ತೇ!

ನಾನು ನೇಸರಿ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು, ನೂರೈವತ್ತು ವರ್ಷ ಹಿಂದಿನ ನಿಮಗೆ ಬರೆಯುತ್ತಿದ್ದೇನೆ. ನಿಮ್ಮಂತೆಯೇ ಪುಟ್ಟ ಮಕ್ಕಳ ಟೀಚರ್. ನೀವು ಅಂಗನವಾಡಿ ಎನ್ನುವುದನ್ನು ನಾವು ಶಿಶುಮನೆ ಎನ್ನುತ್ತೇವೆ. ಇಲ್ಲಿ ಮಕ್ಕಳಿಗೆ ಪಾಠ ಬರೆಯುವ ಅಧಿಕಾರ ಸುಮ್ಮನೆ ಸಿಗುವುದಿಲ್ಲ, ಏಳು ‘ನೆಲವರ್ಷ’ ಮುಗಿಸಬೇಕು. ಅಂದರೆ ಏಳು ವರ್ಷ ಕುರ್ಚಿ ಮುಟ್ಟದೆ ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು, ಮೂಗು ಒರೆಸಬೇಕು, ಚೆಲ್ಲಿದ ಸಾರು ಬಳಿಯಬೇಕು. ಆಮೇಲೆ ಒಂದು ಪಾಠ ಬರೆದು ಒಪ್ಪಿಸಬೇಕು. ಪಾಠಮಂಡಳಿ ಒಪ್ಪಿದರೆ ಅದು ನಾಡಿನ ಎಲ್ಲ ಶಿಶುಮನೆಗಳಿಗೂ ಹೋಗುತ್ತದೆ, ಬರೆದವಳು ಬೀದರಿನ ಪಾಠಕಚೇರಿಗೆ ಹೋಗುತ್ತಾಳೆ. ಮಾರ್ತಂಡರ ಊರೂ ಬೀದರೇ!

ವಸ್ತುಗಳನ್ನು ನೋಡಿ ಗುಂಪು ಮಾಡುವ ಪಾಠವನ್ನು ನಾನು ಬರೆದಿದ್ದೆ. ಮದುವೆಗೆ ನನ್ನ ಹದಿನಾಲ್ಕು ಮಕ್ಕಳೂ ಬಂದಿದ್ದರು. ಅಕ್ಷತೆ ಬೀಳುವ ಹೊತ್ತಿಗೆ ಅವರು ಚಪ್ಪರದ ಹೊರಗೆ ಕೂತು ಇನ್ನೂರು ಜನರ ಚಪ್ಪಲಿಗಳನ್ನು ಎಡಗಾಲಿನದೊಂದು ರಾಶಿ, ಬಲಗಾಲಿನದೊಂದು ರಾಶಿ ಮಾಡಿಬಿಟ್ಟಿದ್ದರು. ಒಂದೂ ತಪ್ಪಿಲ್ಲ! ಊಟ ಮುಗಿಸಿ ಬಂದ ಪಾಠಮಂಡಳಿಯ ಹಿರಿಯರಾದ ನೀಲಗಂಗವ್ವ ರಾಶಿ ಕೆದಕಿ ಸುಸ್ತಾಗಿ, “ಏನವಾ ಮದುಮಗಳ, ನಿನ್ನ ಪಾಠ ಭಾಳ ಛಲೋ ಐತಿ. ಎರಡೂ ಎಡಗಾಲಿನ ಚಪ್ಪಲಿ ಹಾಕ್ಕೊಂಡು ಮನಿಗೆ ಹೊಂಟೀನಿ!” ಎಂದರು. ಎಲ್ಲರೂ ನಕ್ಕರು, ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಾಲ್ಕು ವರ್ಷದ ದುರುಗಿ ಮಾತ್ರ ರಾಶಿಗಳ ನಡುವೆ ಕೂತು ಅಳುತ್ತಿದ್ದಳು. “ನನ್ನ ಚಪ್ಪಲಿ ಸಿಗವಲ್ದ್ರಿ ಟೀಚರ. ಮತ್ತ ಮೊದಲಿನಂಗ ಮಾಡೂದು ನೀವು ಕಲಿಸೇ ಇಲ್ರಿ.”

ನನ್ನ ನಗು ಅಲ್ಲೇ ನಿಂತಿತು.

ಮೂರು ದಿನದ ಮೇಲೆ ನೀಲಗಂಗವ್ವ ಒಪ್ಪಿಗೆ ಪತ್ರ ತಂದರು. “ತಗೋ, ಸಣ್ಣ ತಪ್ಪು. ಆಮ್ಯಾಲ ತಿದ್ದಿದರಾತು.” ಆಮೇಲೆ ಎನ್ನುವಷ್ಟರಲ್ಲಿ ಎಷ್ಟು ಸಾವಿರ ಮಕ್ಕಳು ಜೋಡಿ ಬಿಡಿಸುವುದನ್ನಷ್ಟೇ ಕಲಿತಿರುತ್ತಾರೆ, ಮತ್ತೆ ಜೋಡಿಸುವುದನ್ನಲ್ಲ! ನಾನು ಪತ್ರ ಹಿಂದಿರುಗಿಸಿ ಎಂಟನೆಯ ನೆಲವರ್ಷ ಕೇಳಿದೆ. ಹೆದರುತ್ತಲೇ ಮಾರ್ತಂಡರ ಮುಖ ನೋಡಿದೆ. “ಬೀದರ ಎಲ್ಲಿಗೂ ಓಡಿ ಹೋಗೂದಿಲ್ಲ. ನನಗೂ ಒಂದು ಚಾಪಿ ಹಾಸು,” ಎಂದರು.

ಟೀಚರ್, ನಿಮ್ಮ ಹಾಜರಿ ಪುಸ್ತಕದ ಹಿಂಬದಿಯ ಹಾಳೆಗಳು ನಮ್ಮ ಮನೆಯಲ್ಲಿ ಉಳಿದಿವೆ. “ಇವತ್ತು ಅಂಕಿ ಬರೆಸಲಿಲ್ಲ. ಬಾಗಿಲ ಬಳಿ ಮಕ್ಕಳೇ ಚಪ್ಪಲಿ ಜೋಡಿ ಮಾಡಿದರು. ಅದೇ ಗಣಿತ,” ಎಂದು ಬರೆದಿದ್ದೀರಿ. ಏಳು ವರ್ಷ ಓದಿದರೂ ನನಗೆ ಅದು ಅರ್ಥವಾಗಿರಲಿಲ್ಲ. ನಮ್ಮ ಮನೆಯ ಹಿರಿಯರು ಹೇಳುವಂತೆ, ಇಷ್ಟರಲ್ಲೇ ನಿಮ್ಮನ್ನೂ ಪಠ್ಯ ಬರೆಯಲು ದೊಡ್ಡ ಕಚೇರಿಗೆ ಕರೆಯುತ್ತಾರೆ. ಖಂಡಿತ ಹೋಗಿ. ಆದರೆ ಆ ಹಾಳೆಗಳನ್ನು ಜೊತೆಗೆ ಒಯ್ಯಿರಿ, ವಾರಕ್ಕೊಂದು ದಿನವಾದರೂ ಮಕ್ಕಳ ಪಕ್ಕ ನೆಲದ ಮೇಲೆ ಕೂರಿ.

ನಾಳೆ ಶಿಶುಮನೆ ತೆರೆಯುತ್ತದೆ. ಎಲ್ಲರಿಗಿಂತ ಮೊದಲು ಬರುವವಳು ದುರುಗಿ. ನನ್ನ ಹೊಸ ಚಪ್ಪಲಿಗಳನ್ನು ಬಾಗಿಲ ಆಚೆಗೊಂದು, ಈಚೆಗೊಂದು ಬಿಟ್ಟು, ಅವಳಿಗಾಗಿ ಕಾಯುತ್ತ ಕೂರುತ್ತೇನೆ.

ನಿಮ್ಮ,
ನೇಸರಿ